ನೆಂಟರಿಗೆ ಟಿಪ್ಸ್ ಕೊಡುವುದುಂಟೇ?

ನಮ್ಮ ಯಜಮಾನರು ಜಿಪುಣರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಯಾರ ಮನೆ ಮದುವೆಯಾದರೂ ಮುಯ್ಯಿ ಹಾಕುವುದಕ್ಕೆ ಮುಂದಿರುತ್ತಾರೆ. ಕೇಳಿದವರಿಗೆ ತೆಂಗಿನಕಾಯಿ ಕೊಟ್ಟು ಮರೆತುಬಿಡುತ್ತಾರೆ. ಆದರೆ ಹೋಟೆಲಿನಲ್ಲಿ ಬಿಲ್ಲು ಇಟ್ಟುಕೊಂಡು ಸೋಂಪಿನ ತಟ್ಟೆ ಬಂತು ಅನ್ನಿ, ಅದರಲ್ಲಿ ಹತ್ತು ರೂಪಾಯಿ ಬಿಟ್ಟು ಏಳುವುದಕ್ಕೆ ಅವರಿಂದ ಆಗುವುದಿಲ್ಲ. ಸೋಂಪು ಮಾತ್ರ ಎರಡು ಸಲ ಬಾಯಿಗೆ ಹಾಕಿಕೊಳ್ಳುತ್ತಾರೆ.

ಟಿಪ್ಸಿನಿಂದ ತಪ್ಪಿಸಿಕೊಳ್ಳಲು ಅವರದೊಂದು ದಾರಿಯಿದೆ. ದಾರಿ ಅಂದರೆ ಅವರಿಗೆ ಸಿಟ್ಟು, ಅಭ್ಯಾಸ ಅನ್ನೋಣ. ಸಪ್ಲೈಯರ್ ನೀರಿನ ಲೋಟ ಇಡುವಷ್ಟರಲ್ಲಿ "ಯಾವೂರಪ್ಪ ನಿಮ್ದು?" ಅನ್ನುತ್ತಾರೆ. ಅವನು ಊರು ಹೇಳುತ್ತಾನೆ. "ಯಾರ ಮನೆ?" ಅನ್ನುತ್ತಾರೆ. ಅವನು ಅದನ್ನೂ ಹೇಳುತ್ತಾನೆ. ಮೂರನೇ ಪ್ರಶ್ನೆಗೆ ಅವನ ಚಿಕ್ಕಪ್ಪನ ಮಾವ ನಮ್ಮ ದೊಡ್ಡಮ್ಮನ ಕಡೆಯವನಾಗಿರುತ್ತಾನೆ. ಮುಗಿಯಿತು. ನೆಂಟರಿಗೆ ಟಿಪ್ಸ್ ಕೊಡುವುದುಂಟೇ? ಅವಮಾನವಲ್ಲವೇ? ಭುಜ ತಟ್ಟಿ, "ಚನ್ನಪಟ್ಟಣದ ಕಡೆ ಬಂದ್ರೆ ಮನ್ಗೆ ಬಾ ಕಣಪ್ಪ, ಊಟ ಮಾಡ್ಕಂಡು ಓಗೀವಂತೆ" ಅಂತ ಹೇಳಿ ಎದ್ದುಬಿಡುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲೂಕಿನಲ್ಲಿ ಇವರ ನೆಂಟರಲ್ಲದವರು ಅಂದರೆ ಬಹುಶಃ ರಾಮನಗರದ ಬೆಟ್ಟದ ಮೇಲಿರುವ ರಣಹದ್ದುಗಳು ಮಾತ್ರ.

ಅಷ್ಟಕ್ಕೇ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ ಕರೆದವರೆಲ್ಲ ಬರುತ್ತಾರೆ. ನಮ್ಮೂರು ಹೆದ್ದಾರಿಯಿಂದ ಒಸಿ ದೂರವಷ್ಟೇ. ಮೈಸೂರಿಗೆ ಹೋಗುವವರು, ಬೆಂಗಳೂರಿನಿಂದ ಬರುವವರು, ಎಲ್ಲೋ ಕಾಫಿ ಕೊಟ್ಟಿದ್ದ ಸಪ್ಲೈಯರು, ಪಂಚರ್ ಹಾಕಿದವನು, ಎಲ್ಲರೂ "ಅಣ್ಣ ಕರ್ದಿದ್ರು" ಅಂತ ಬಂದು ಜಗಲಿ ಮೇಲೆ ಕೂರುತ್ತಾರೆ. ಯಜಮಾನರು ತಟ್ಟೆಯಲ್ಲಿ ಬಿಡದ ಹತ್ತು ರೂಪಾಯಿಗೆ ನಾನು ಒಳಗೆ ಮುದ್ದೆಗೆ ಹಿಟ್ಟು ತಿರುವುತ್ತಿರುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಇದೇ ಆಗಿದೆ. ಇದರ ಜೊತೆಗೆ ರೇಷ್ಮೆ ಹುಳು ಬೇರೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಗಲು ರಾತ್ರಿ ಸೊಪ್ಪು ಮೇಯುವ ಹೊತ್ತಿನಲ್ಲಿ ನೆಂಟರು ಬಂದರೆ, ಯಾರಿಗೆ ಮೊದಲು ಹಾಕಲಿ ಅಂತ ತಿಳಿಯದೆ ನಾನು ಅತ್ತದ್ದೂ ಉಂಟು.

ಹಾಗಾಗಿ ಈ ಸಲ ರೇಷ್ಮೆ ಗೂಡು ಮಾರಿ ಬಂದ ದಿನ ನಾನು ಬಾಯಿಬಿಟ್ಟು ಕೇಳಿದೆ. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಮುಂದಿನ ಹುಳ ಬರೋದ್ರೊಳ್ಗೆ ನಂಗೆ ಎರಡು ದಿನ ಬೇಕು. ಯಾರೋ ಮಾಡಿದ್ದನ್ನ ಕೂತ್ಕೊಂಡು ತಿನ್ಬೇಕು. ತಿಂದ ತಟ್ಟೆ ಅಲ್ಲೇ ಬಿಟ್ಟು ಏಳ್ಬೇಕು" ಅಂದೆ. ಯಜಮಾನರು ನನ್ನ ಮುಖವನ್ನೇ ನೋಡಿದರು. "ಅಂಗಾದ್ರೆ ಮಾಗಡಿ ತಾವ ಕಲ್ಯಕ್ಕೆ ಓಗನ ಬುಡು, ನಮ್ಮ ದೊಡ್ಡಮ್ಮನ ಮನೆ ಐತಲ್ಲ" ಅಂದರು. ಕಲ್ಯಕ್ಕೆ ಹೋದರೆ ನಾನು ಕೂತು ತಿನ್ನುತ್ತೇನೆಯೇ? ಹೊಸ್ತಿಲು ದಾಟಿದ ಕೂಡಲೇ ಸೆರಗು ಸಿಕ್ಕಿಸಿ ಈರುಳ್ಳಿ ಹೆಚ್ಚಬೇಕು. ಅದನ್ನು ಇವರಿಗೆ ತಿಳಿಸಿ ಹೇಳುವುದಕ್ಕಿಂತ ಮಗಳಿಗೆ ಫೋನು ಮಾಡುವುದು ಸುಲಭ ಅನ್ನಿಸಿತು.

ಮೈಸೂರಿನಲ್ಲಿ ಓದುತ್ತಿರುವ ಮಗಳು ಹಾಸ್ಟೆಲಿನಲ್ಲೇ ಕೂತು, ಕನಕಪುರದಾಚೆ ದೊಡ್ಡಆಲಹಳ್ಳಿ ದಾಟಿದ ಮೇಲೆ, ಎರಡು ಹೊಳೆ ಕೂಡುವ ಸಂಗಮದ ಕಡೆ ಒಂದು ತೋಟದ ರೆಸಾರ್ಟಿನಲ್ಲಿ ರೂಮು ಹಿಡಿದಳು. ಫೋನಿನಲ್ಲೇ ಅಪ್ಪನಿಗೆ ಪಾಠವನ್ನೂ ಮಾಡಿದಳು. "ಅಪ್ಪ, ರೂಮಿಗೆ ಬರೋರಿಗೆ, ಅಡುಗೆಯೋರಿಗೆ ಟಿಪ್ಸ್ ಕೊಡ್ಬೇಕು. ಮರೀಬೇಡಿ." ಯಜಮಾನರು, "ಬಿಲ್ಲಲ್ಲೇ ಎಲ್ಲ ಸೇರಿರ್ತದಲ್ಲವ್ವ?" ಅಂದರು. ನಾನು ನನ್ನದೊಂದು ಷರತ್ತು ಸೇರಿಸಿದೆ. ಎರಡು ದಿನ ಯಾರನ್ನೂ "ಯಾವೂರು" ಅಂತ ಕೇಳಕೂಡದು. ಕೇಳಿದರೆ ಅವರು ನೆಂಟರಾಗುತ್ತಾರೆ, ನೆಂಟರಾದರೆ ನಾನು ಮತ್ತೆ ಒಲೆ ಮುಂದೆ. ಯಜಮಾನರು ದೇವರ ಫೋಟೊ ಕಡೆ ತಿರುಗಿ "ಆಯ್ತು" ಅಂದರು.

ಮೊದಲ ಪರೀಕ್ಷೆ ಕನಕಪುರದ ಹೋಟೆಲಿನಲ್ಲೇ ಬಂತು. ಕಾಫಿ ತಂದವನ ಮುಖ ನೋಡಿ ಇವರ ತುಟಿ ಅಲುಗಾಡಿದ್ದು ಕಂಡಿತು. ನಾನು ಮೇಜಿನ ಕೆಳಗೆ ಕಾಲು ತುಳಿದೆ. ಬಿಲ್ಲು ಬಂದಾಗ ಹೊಸ ಸಮಸ್ಯೆ, ಎಷ್ಟು ಬಿಡುವುದು? "ಎರಡ್ರೂಪಾಯಿ ಬುಟ್ರೆ ಅವನು ನಮ್ಮನ್ನೇ ಭಿಕ್ಷುಕರು ಅಂದ್ಕತಾನೆ. ಇಪ್ಪತ್ತು ಬುಟ್ರೆ ಬೆಂಗಳೂರಿನೋರು ಅಂದ್ಕತಾನೆ" ಅಂತ ನೋಟು ನಾಣ್ಯ ಎರಡನ್ನೂ ಹಿಡಿದು ಕೂತರು. ಜಾಗ ಸಿಗದವರು ನಾವು ಏಳುತ್ತೇವೆಂದು ಕಾಯುತ್ತಾ ಬೆನ್ನ ಹಿಂದೆ ನಿಂತೇ ಇದ್ದರು. ಕೊನೆಗೆ ಹತ್ತು ರೂಪಾಯಿ ಇಟ್ಟು, ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು. ಅವನು ತೆಗೆದುಕೊಂಡನೋ ಇಲ್ಲವೋ ಅಂತ ನೋಡಬೇಕಿತ್ತಂತೆ.

ಆ ಮಧ್ಯಾಹ್ನ, ಆ ಸಂಜೆ ನನ್ನ ಪಾಲಿಗೆ ಹಬ್ಬ. ರೂಮಿನ ಮುಂದೆ ಒಂದು ಬೆತ್ತದ ಕುರ್ಚಿಯಿತ್ತು. ನಾನು ಅದರಲ್ಲಿ ಕೂತೆ, ಅಷ್ಟೇ. ಹಾಲು ಉಕ್ಕುತ್ತದೆಂಬ ಭಯವಿಲ್ಲ, ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಎಷ್ಟು ಜನ ಅಂತ ಎಣಿಸುವುದಿಲ್ಲ. ನಲವತ್ತರ ಆಸುಪಾಸಿನ ರೂಮ್ ಬಾಯ್ ಕಾಫಿ ತಂದುಕೊಟ್ಟ. ಅವನನ್ನು ಬಾಯ್ ಅನ್ನುವುದೇ ಒಂದು ತಮಾಷೆ, ಮೀಸೆಯೆಲ್ಲ ನೆರೆತಿತ್ತು. ಕುಡಿದ ಲೋಟವನ್ನೂ ಅವನೇ ತೆಗೆದುಕೊಂಡು ಹೋದ. ಆ ಲೋಟ ಹೋದ ದಿಕ್ಕನ್ನೇ ನಾನು ಸ್ವಲ್ಪ ಹೊತ್ತು ನೋಡಿದೆ.

ಯಜಮಾನರಿಗೆ ಮಾತ್ರ ಒಳಗೇ ಕುದಿತ. ಊರು ಕೇಳದೆ ಮಾತು ಶುರು ಮಾಡುವುದು ಹೇಗೆಂದೇ ಅವರಿಗೆ ತಿಳಿಯದು. ಪಾಪ, "ಬಿಸ್ಲು ಜಾಸ್ತಿ" ಅಂತ ಮೂರು ಸಲ ಅಂದರು. ರೂಮ್ ಬಾಯ್ ತಾನಾಗಿಯೇ, "ನಾನು ಬಾಗಲಕೋಟೆ ಕಡೆಯವನು ಸರ್" ಅಂತ ಅಚ್ಚುಕಟ್ಟಾಗಿ ಹೇಳಿಬಿಟ್ಟ. ಇವರ ಮುಖ ಬಾಡಿತು. ಬಾಗಲಕೋಟೆಯಲ್ಲಿ ನಮಗೆ ಯಾರೂ ಇಲ್ಲ. ಅವನು ಆಚೆ ಹೋದಮೇಲೆ ಟಿಪ್ಸ್ ಈಗಲೇ ಕೊಡುವುದೋ ಹೋಗುವಾಗ ಕೊಡುವುದೋ ಅಂತ ಚರ್ಚೆ ನಡೆಯಿತು. "ಮೊದ್ಲೇ ಕೊಟ್ರೆ ಲಂಚ, ಆಮೇಲೆ ಕೊಟ್ರೆ ಧರ್ಮ" ಅನ್ನುವುದು ಇವರ ವಾದ. "ಕೊಡದಿದ್ರೆ ಏನಂತಾರೆ?" ಅಂತ ಕೇಳಿದೆ. ನನ್ನ ಪರ್ಸಿನಿಂದಲೇ ಐವತ್ತು ರೂಪಾಯಿ ತೆಗೆದು ಅವನಿಗೆ ಕೊಟ್ಟೆ. ಅವನು ಹಲ್ಲು ಕಾಣುವಂತೆ ನಕ್ಕು ಇಸಿದುಕೊಂಡ.

ಮಾರನೇ ಬೆಳಿಗ್ಗೆ ತಿಂಡಿಗೆ ಕೂತಾಗ ಎಲ್ಲವೂ ಕೆಟ್ಟಿತು. ಅಡುಗೆಯ ಹೆಂಗಸು ತಾನೇ ಬಂದು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿದಳು. ಯಜಮಾನರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾನು ಮೇಜಿನ ಕೆಳಗೆ ಅವರ ಕಾಲು ಹುಡುಕಿದೆ.

"ಈ ಚಟ್ನಿ ಉಯ್ಯಂಬಳ್ಳಿದು" ಅಂದರು.

"ಅಯ್, ಎಂಗೊತ್ತಾಯ್ತು ಅಣ್ಣ? ನಮ್ಮೂರದೇಯ!" ಅಂದಳು ಅವಳು.

ನಾನು ಇವರನ್ನು ದುರುಗುಟ್ಟಿ ನೋಡಿದೆ. "ನಾನು ಕೇಳ್ನಿಲ್ಲ ಕಣೇ, ಯೋಳ್ದೆ ಅಷ್ಟೇ" ಅಂದರು, ದೇವರ ಮುಂದೆ ಕೊಟ್ಟ ಮಾತಿಗೆ ಒಂದು ಕೂದಲೂ ಕೊಂಕಿಲ್ಲ ಅನ್ನುವ ಹಾಗೆ. ಆಮೇಲಿನದು ನೀರು ಹರಿದಂತೆ ಹರಿಯಿತು. ಇವರ ಸೋದರತ್ತೆಯನ್ನು ಕೊಟ್ಟಿರುವುದು ಉಯ್ಯಂಬಳ್ಳಿಗೆ. ಆ ಅತ್ತೆಯ ಮೈದುನನ ಸೊಸೆಯೇ ಈಕೆ. ಹುಚ್ಚೆಳ್ಳು ಹುರಿಯುವುದನ್ನು ಕಲಿತದ್ದು ಆ ಅತ್ತೆಯ ಹತ್ತಿರವೇ ಅಂತೆ. "ಅಂಗಾದ್ರೆ ನೀನು ನಂಗೆ ತಂಗಿ ಆಗ್ಬೇಕು ಕಣವ್ವ!" ಅಂತ ಇವರು ಕೈಯಲ್ಲಿನ ರೊಟ್ಟಿ ಬಿಟ್ಟು ಎದ್ದು ನಿಂತರು. ಅವಳು ನನ್ನ ಕಡೆ ತಿರುಗಿ ಪ್ರೀತಿಯಿಂದ "ಅತ್ತಿಗೆ" ಅಂದಳು. ನನ್ನ ರಜೆ ಅಲ್ಲಿಗೆ ಮುಗಿಯಿತು ಅಂತ ನನಗೆ ಗೊತ್ತಾಯಿತು. ನಾದಿನಿಯ ಮುಂದೆ ಎಂಜಲು ತಟ್ಟೆ ಬಿಟ್ಟು ಏಳುವುದು ನಮ್ಮ ಕಡೆ ಹೆಣ್ಣುಮಕ್ಕಳಿಂದ ಆಗುತ್ತದೆಯೇ? ತಟ್ಟೆ ಎತ್ತಿಕೊಂಡು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ಹೋದ್ಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗೆ, ಒಲೆ ಅಲ್ಲೂ ನನಗಾಗಿ ಕಾದಿತ್ತು.

ಅವಳ ಜೊತೆ ಕೆಲಸ ಮಾಡುವವಳು ಯಾರದೋ ತಿಥಿಗೆ ಹೋಗಿದ್ದಳು. ಮಧ್ಯಾಹ್ನಕ್ಕೆ ಬೆಂಗಳೂರಿನಿಂದ ಇಪ್ಪತ್ತು ಜನ ಹಳ್ಳಿ ಊಟಕ್ಕೆ ಬರುವವರಿದ್ದರು. ಅವಳು ಇದನ್ನು ನನಗೆ ಹೇಳಿಕೊಂಡಳೇ ಹೊರತು ಸಹಾಯ ಮಾಡಿ ಅಂತ ಕೇಳಲಿಲ್ಲ. ಕೇಳುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತಿದ್ದ ನನ್ನ ಯಜಮಾನರು, "ಅದಕ್ಯಾಕವ್ವ ಯೋಚ್ನೆ? ನಮ್ಮೋಳು ಇಲ್ವಾ? ಇಪ್ಪತ್ತು ಜನಕ್ಕೆ ಹಿಟ್ಟು ತಿರುವದು ಅವಳಿಗೆ ಯಾವ ಲೆಕ್ಕ!" ಅಂದರು. ಅಂದು, ಸಂಗಮ ನೋಡಿಕೊಂಡು ಬರುತ್ತೇನೆಂದು ಹೊರಟೇ ಹೋದರು! ಹೊಳೆ ನೋಡಬೇಕೆಂದು ಆಸೆಪಟ್ಟವಳು ನಾನು.

ಸೊಪ್ಪು ಸೋಸುತ್ತಾ ಆ ನಾದಿನಿ ನನಗೆ ಲೋಕಜ್ಞಾನ ಕಲಿಸಿದಳು. ಹೊರಗೆ ಬಕೆಟ್ ಜಾರಿಬಿದ್ದ ಸದ್ದಾಯಿತು. "ಅಯ್ಯೋ, ಬೀಳಿಸ್ಬುಟ್ನಲ್ಲಪ್ಪ!" ಅಂತ ಅಪ್ಪಟ ನಮ್ಮ ಕಡೆ ಮಾತಿನಲ್ಲಿ ಬಾಗಲಕೋಟೆಯವನ ದನಿ ಕೇಳಿಸಿತು. ನಾನು ಅವಳ ಮುಖ ನೋಡಿದೆ.

"ಅವ್ನು ದೊಡ್ಡಆಲಹಳ್ಳಿಯೋನೇ ಅತ್ತಿಗೆ. ನಮ್ಮ ಕಡೆ ನಂಬರ್ ಇರೋ ಕಾರು ಕಂಡ್ರೆ ಬಾಗಲಕೋಟೆಯೋನು ಆಯ್ತಾನೆ. ಊರು ಯೋಳಿದ್ರೆ ನೆಂಟ್ರಾಯ್ತೀವಿ. ನೆಂಟ್ರಾದ್ರೆ ಕೈಗೆ ಏನೂ ಬರಲ್ಲ, ಮನ್ಗೆ ಊಟಕ್ಕೆ ಕರೀತಾರೆ. ಊಟಕ್ಕೆ ಓಗಕೆ ನಮಗೆ ರಜ ಎಲ್ಲೈತೆ?" ಅಂದಳು.

"ಮತ್ತೆ ನೀನ್ಯಾಕೆ ಹೇಳ್ದೆ?" ಅಂದೆ.

"ಚಟ್ನಿ ಚೆನ್ನಾಗೈತೆ ಅನ್ನೋ ಅಂಗೆ ಕಣ್ಮುಚ್ಚಿದ್ರಲ್ಲ ಅಣ್ಣ, ಬಾಯಿ ತಪ್ಪಿ ಬಂದ್ಬುಡ್ತು."

ನನಗೆ ನಗು ಬಂತು, ಸಿಟ್ಟೂ ಬಂತು. ಅವಳ ಚಟ್ನಿಗೆ ಕಣ್ಣು ಮುಚ್ಚಿದರು! ನಾನು ಮಾಡಿದ್ದಕ್ಕೆ ಎಂದಾದರೂ ಕಣ್ಣು ಮುಚ್ಚಿದ್ದು ನೆನಪಿದೆಯೇ ಅಂತ ಯೋಚಿಸಿದೆ. ನಿದ್ದೆ ಬಂದಾಗ ಬಿಟ್ಟರೆ ಇಲ್ಲ. ಆ ಸಿಟ್ಟಿನಲ್ಲೇ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟು ಸುರಿದು, ಕೋಲು ಹಿಡಿದು ನಿಂತೆ. ಪಾತ್ರೆ ಅಲುಗದಂತೆ ಅವಳು ಹಿಡಿದುಕೊಂಡಳು. ಸಿಟ್ಟಿದ್ದರೆ ಹಿಟ್ಟು ಚೆನ್ನಾಗಿ ತಿರುವಲು ಬರುತ್ತದೆ. ಒಂದು ಗಂಟೂ ಉಳಿಯಲಿಲ್ಲ. ಕೈಗೆ ನೀರು ಮುಟ್ಟಿಸಿಕೊಂಡು ಇಪ್ಪತ್ತೈದು ಮುದ್ದೆ ಕಟ್ಟಿಟ್ಟೆ.

ಊಟ ನಡೆಯುತ್ತಿದ್ದಾಗ ಬೆಂಗಳೂರಿನವರ ಪೈಕಿ ಒಬ್ಬ ವಯಸ್ಸಾದ ಹೆಂಗಸು ಕೈ ತೊಳೆದುಕೊಂಡು ನೇರ ಅಡುಗೆಮನೆಗೆ ಬಂದರು. ಬಿಳಿಕೂದಲು, ಕಾಟನ್ ಸೀರೆ. "ಇವತ್ತು ಮುದ್ದೆ ಮಾಡಿದ್ದು ಯಾರಮ್ಮ?" ಅಂದರು. ನಾದಿನಿ ನನ್ನ ಕಡೆ ಕೈ ತೋರಿಸಿದಳು. ಏನು ತಪ್ಪಾಯಿತೋ ಅಂತ ನಾನು ಸೆರಗಿನಿಂದ ಬೆವರು ಒರೆಸಿಕೊಂಡೆ.

"ಇಷ್ಟು ನುಣುಪಾದ ಮುದ್ದೆ ನಾನು ತಿಂದೇ ಇಲ್ಲ. ತುಂಬಾ ಚೆನ್ನಾಗಿತ್ತಮ್ಮ. ನಿಮ್ಮ ಕೈ ತಣ್ಣಗಿರಲಿ" ಅಂದರು. ನನ್ನ ಒದ್ದೆ ಕೈ ಹಿಡಿದು ಅದರಲ್ಲಿ ಐನೂರರ ನೋಟಿಟ್ಟು ಮಡಚಿದರು. "ಸಂಜೇನೂ ನೀವೇ ಇರ್ತೀರಾ?"

"ಇಲ್ಲಮ್ಮ, ನಾನು ರಜದಲ್ಲಿದ್ದೀನಿ" ಅಂದೆ. ಅವರಿಗೆ ಅರ್ಥವಾಗದಿದ್ದರೂ ತಲೆಯಾಡಿಸಿ ಹೋದರು.

ನಾನು ಅಲ್ಲೇ ನಿಂತಿದ್ದೆ. ಬೇಡ ಅನ್ನಬೇಕೆಂದೂ ಹೊಳೆಯಲಿಲ್ಲ. ಮದುವೆಯಾದಾಗಿನಿಂದ ಎಷ್ಟು ಮುದ್ದೆ ಕಟ್ಟಿದ್ದೇನೋ ದೇವರಿಗೇ ಗೊತ್ತು. ಯಾರೋ ಗೊತ್ತಿಲ್ಲದ ಹೆಂಗಸು ಒಂದು ಸಲ ತಿಂದು, ಎದ್ದು ಬಂದು, ಚೆನ್ನಾಗಿತ್ತು ಅಂದುಬಿಟ್ಟರು. ಕಣ್ಣಲ್ಲಿ ನೀರು ತುಂಬಿತು. ನಾದಿನಿ ನೋಡಿದರೂ ನೋಡದವಳಂತೆ ಸಾರಿಗೆ ಉಪ್ಪು ಹಾಕಿದಳು. ಆ ಸಾರಿಗೆ ಆಗಲೇ ಉಪ್ಪು ಬಿದ್ದಿತ್ತು.

ಯಜಮಾನರು ಹೊಳೆ ನೋಡಿ, ತೆಪ್ಪದಲ್ಲಿ ಒಂದು ಸುತ್ತು ಹಾಕಿ ಬಂದರು. ತೆಪ್ಪದವನೂ ನೆಂಟನಾಗಿದ್ದ. ಬರುತ್ತಲೇ ಬಾಗಿಲಲ್ಲಿ ನಿಂತು, "ಸಂಜೆಗೆ ನಾಟಿಕೋಳಿ ಸಾರು ನಮ್ಮೋಳೇ ಮಾಡ್ತಾಳೆ ಅಂತ ಮ್ಯಾನೇಜರ್‌ಗೆ ಯೋಳ್ಬುಟ್ಟೆ" ಅಂದರು. ನಾನು ಮಾತಾಡದೆ ರೂಮಿಗೆ ಹೋಗಿ ಬಟ್ಟೆ ಬ್ಯಾಗಿಗೆ ತುಂಬಿದೆ. "ಮನೆಗೆ ನಡೀರಿ. ಬೇಯಿಸೋದೇ ಆದ್ರೆ ನನ್ನ ಒಲೆ ನಂಗೆ ಒಗ್ಗಿದೆ."

ಹೊರಡುವಾಗ ಅಡುಗೆಮನೆ ಮುಂದೆ ಕೈ ಚಾಚಿ "ಪರ್ಸು ಕೊಡಿ" ಅಂದೆ. "ತಂಗಿಗೆ ದುಡ್ಡು ಕೊಡದಾ? ಸೀರೆ ಕೊಡದು ಬುಟ್ಟು?" ಅಂದರು. "ಸೀರೆ ತಂದಿದ್ದೀರಾ?" ಅಂದೆ. ತಂದಿರಲಿಲ್ಲ. ಒಂದು ಹೊತ್ತಿನ ಮುದ್ದೆಗೆ ನನಗೇ ಐನೂರು ಬಂದಿರುವಾಗ ಅವಳಿಗೆ ಅದಕ್ಕಿಂತ ಕಡಿಮೆ ಕೊಡಲು ನನಗೆ ಮನಸ್ಸು ಬರಲಿಲ್ಲ. ನೆಂಟರ ಪದ್ಧತಿ ಪ್ರಕಾರ "ಮಕ್ಕಳಿಗೆ ಇರ್ಲಿ" ಅಂತ ಅವರ ಪರ್ಸಿನಿಂದ ಐನೂರು ತೆಗೆದು ಅವಳ ಕೈಗಿಟ್ಟೆ. "ಮಗಂಗೆ ಮದ್ವೆ ಆಗೈತೆ ಅತ್ತಿಗೆ" ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ ಯಜಮಾನರನ್ನೇ ನೋಡಿ, "ಬ್ಯಾಡ ಅನ್ನದು ಮರ್ವಾದೆ ಅಣ್ಣ. ಆದ್ರೆ ಬೇಕು" ಅಂದಳು. ಇವರು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡರು.

ಕಾರು ಕನಕಪುರ ದಾಟಿತು. ಆಮೇಲೆ ಅವರೇ ಶುರು ಮಾಡಿದರು. "ನೀನೂ ಯಾರ ತಾವನೋ ದುಡ್ಡು ಇಸ್ಕಂಡ್ಯಂತೆ?"

"ಹೂಂ. ಕೊಟ್ರು, ಇಸ್ಕೊಂಡೆ."

"ನಾಚಿಕೆ ಆಗ್ಲಿಲ್ವಾ?"

"ಖುಷಿಯಾಯ್ತು. ನಾಚಿಕೆ ನೆನಪಿಗೇ ಬರ್ಲಿಲ್ಲ."

ಅವರು ಮುಂದಿದ್ದ ಲಾರಿಯೊಂದನ್ನು ಹಿಂದಕ್ಕೆ ಹಾಕಿದರು. ಆಮೇಲೆ, "ದುಡ್ಡು ಕೊಟ್ಬುಟ್ರೆ ಅಲ್ಲಿಗೆ ಮುಗೀತಲ್ಲ ಕಣೇ. ಆಮೇಲೆ ಅವರ್ಯಾರೋ, ನಾವ್ಯಾರೋ. ಅದಕ್ಕೇ ನಂಗೆ ಕೊಡಕ್ಕೆ ಕೈ ಬರಲ್ಲ" ಅಂದರು. ನನಗೆ ಅದು ಸುಳ್ಳು ಅನ್ನಿಸಲಿಲ್ಲ. ಇವರು ಒಂಟಿಮಗ, ಚಿಕ್ಕಂದಿನಿಂದ ಮನೆ ತುಂಬ ಜನ ಬೇಕು ಅಂತ ಹಂಬಲಿಸಿದವರು. ಅಷ್ಟು ಗೊತ್ತಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ.

"ನಾನು ಎರಡು ದಿನ ಕೇಳಿದ್ದೆ. ಒಂದು ದಿನ ಸಿಕ್ತು. ಇನ್ನೊಂದನ್ನ ನೀವು ನಿಮ್ಮ ತಂಗಿಗೆ ಕೊಟ್ರಿ. ನನ್ನನ್ನ ಒಂದು ಮಾತು ಕೇಳ್ಲಿಲ್ಲ" ಅಂದೆ. ರಾಮನಗರ ಬರುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಯಜಮಾನರು ಬಾಗಿಲಿಗೆ ಅಡ್ಡ ನಿಂತು, "ನಿಂದೊಂದು ದಿನ ಉಳಿದೈತಲ್ಲ, ಇವತ್ತು ಈ ಕಡೆ ಬರ್ಬೇಡ" ಅಂದರು. ಕಾಫಿ ಬಂತು. ಅದು ಕಾಫಿ ಅಂತ ಅವರೇ ಹೇಳಿದ್ದರಿಂದ ತಿಳಿಯಿತು. ಹತ್ತು ಗಂಟೆಗೆ ಮಾಗಡಿ ಕಡೆಯ ನೆಂಟನೊಬ್ಬ ಜಗಲಿಗೆ ಬಂದ. ಅವನನ್ನು ಇವರೇ ಹೊರಗಿನಿಂದ ಹೊರಗೇ, ಒಂದು ಲೋಟ ನೀರು ಕೊಟ್ಟು ಕಳಿಸಿದರು. ಮನೆ ಕಟ್ಟಿದಾಗಿನಿಂದ ಹಾಗೆ ಆದದ್ದು ಅದೇ ಮೊದಲು.

ಮಧ್ಯಾಹ್ನ ತಟ್ಟೆಯಲ್ಲಿ ಮುದ್ದೆ, ಉಪ್ಪುಸಾರು ಇಟ್ಟು ನನ್ನ ಎದುರಿಗೆ ನಿಂತರು. ಕೈ ಎರಡು ಕಡೆ ಸುಟ್ಟಿತ್ತು, ಮೀಸೆಗೆ ಹಿಟ್ಟು ಮೆತ್ತಿತ್ತು. ಮುದ್ದೆ ಮುರಿದರೆ ಒಳಗೆ ಬಿಳಿ ಬಿಳಿ ಹಸಿ ಗಂಟು. ನಾನು ಒಂದು ತುತ್ತು ನುಂಗಿ, "ಚೆನ್ನಾಗಿದೆ" ಅಂದೆ.

"ಸುಳ್ಳು ಯೋಳ್ಬೇಡ. ಎಲ್ಲ ಗಂಟಾಗೈತೆ."

"ಇಷ್ಟು ವರ್ಷದಲ್ಲಿ ಒಂದಿನ ನೀವೂ ಸುಳ್ಳಾದ್ರೂ ಹೇಳ್ಬಹುದಿತ್ತು" ಅಂದೆ.

ಅವರು ನನ್ನ ಪಕ್ಕ ನೆಲದ ಮೇಲೆ ಕೂತರು. ಸುಟ್ಟ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಸುಳ್ಳು ಯಾಕೆ ಯೋಳ್ಲಿ? ದಿನಾನೂ ಚೆನ್ನಾಗೇ ಇರ್ತಿತ್ತು. ಅದನ್ನ ಬಾಯ್ಬುಟ್ಟು ಯೋಳ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ" ಅಂದರು.